ಜೋಡಿ ಸೈಕಲ್ಲಿನ ಕಂಡಕ್ಟರು

ಸೆಪ್ಟೆಂಬರ್ 12, ಶನಿವಾರ

ಇವತ್ತು ಯಾರನ್ನೂ ಕೇಳದೆ ಒಂದು ಕೆಲಸ ಮಾಡಿದೆ. ಸೈಕಲ್ ಅಂಗಡಿಯ ಹಿಂದಿನ ಕೋಣೆಯಲ್ಲಿ ಧೂಳು ಹಿಡಿದು ನಿಂತಿದ್ದ ಜೋಡಿ ಸೈಕಲ್ಲನ್ನು ಮನೆಗೆ ತಂದೆ. ಒಂದರ ಹಿಂದೆ ಒಂದು ಎರಡು ಸೀಟು, ಎರಡು ಜೊತೆ ಪೆಡಲು, ಜಲ್ಲಿ ದಾರಿಗೆಂದೇ ಮಾಡಿದ ದಪ್ಪ ಟೈರು. ಹಿಂದಿನವರಿಗೂ ಒಂದು ಹ್ಯಾಂಡಲ್ ಇದೆ, ಆದರೆ ಅದು ಹಿಡಿದುಕೊಳ್ಳುವುದಕ್ಕೆ ಮಾತ್ರ, ತಿರುಗುವುದಿಲ್ಲ. ಬ್ರೇಕೂ ಮುಂದಿನವರ ಕೈಯಲ್ಲೇ.

ಇವರು ಕಿಟಕಿ ಪಕ್ಕದ ಕುರ್ಚಿಯಲ್ಲಿದ್ದರು. ಬಸ್ಸು ಓಡಿಸುವುದು ಇನ್ನು ಸಾಕು ಎಂದು ಕಣ್ಣಿನ ಡಾಕ್ಟರು ಹೇಳಿದ ದಿನದಿಂದ ಆ ಕುರ್ಚಿಯಲ್ಲೇ ಬೇರು ಬಿಟ್ಟಿದ್ದಾರೆ. ನೇರಕ್ಕೆ ಕಾಣುತ್ತದೆ, ಅಕ್ಕಪಕ್ಕ ಕಾಣುವುದಿಲ್ಲ; ಕೊಳವೆಯೊಳಗಿಂದ ನೋಡಿದ ಹಾಗಂತೆ. ಹನಿ ಔಷಧಿ ತಪ್ಪಿಸದಿದ್ದರೆ ಉಳಿದದ್ದು ಉಳಿಯುತ್ತದಂತೆ. ಬಸ್ಸಿನ ಜೊತೆಗೇ ನಮ್ಮ ಭಾನುವಾರದ ಸೈಕಲ್ ಸವಾರಿಯೂ ನಿಂತುಹೋಯಿತು. ಮದುವೆಯಾದ ಹೊಸದರಿಂದಲೂ ಇವರು ಮುಂದೆ, ನಾನು ಹಿಂದೆ, ಎರಡು ಸೈಕಲ್ಲಿನಲ್ಲಿ ಸುತ್ತದ ಬೆಟ್ಟವಿಲ್ಲ. ಈಗ ಇವರು ಕುರ್ಚಿಯಲ್ಲಿ ಕೂತು ಬೀದಿಯಲ್ಲಿ ಹೋಗುವ ಬಸ್ಸುಗಳ ಗೇರಿನ ಸದ್ದು ಕೇಳಿ, ಓಡಿಸುವವರಿಗೆ ಬಯ್ಯುತ್ತಾರೆ.

"ಏನದು?"

"ಸೈಕಲ್ಲು."

"ಅದು ಕಾಣತ್ತೆ. ಅಷ್ಟೊಂದು ಕುರುಡಾಗಿಲ್ಲ. ಮುಂದೆ ಯಾರು ಕೂರೋದು?"

"ನಾನು."

ಇವರು ನಕ್ಕರು. ತಿಂಗಳುಗಳ ನಂತರ ನಕ್ಕಿದ್ದು, ಅದೂ ನನ್ನನ್ನು ನೋಡಿ. "ನೀನಾ? ಇಳಿಜಾರು ಕಂಡ್ರೆ ಇಳಿದು ತಳ್ಕೊಂಡು ಬರೋಳು! ಹಿಂದೆ ಕೂರೋದು ಕಂಡಕ್ಟರ್ ಕೆಲಸ ಕಣೇ. ನಾನು ಡ್ರೈವರ್."

ನಾನು ಇಳಿದು ತಳ್ಳುತ್ತಿದ್ದದ್ದು ಹೌದು. ಆದರೆ ಯಾವಾಗಲೂ ಮುಂದೆ ಹೋಗಿ ತಿರುವಿನಲ್ಲಿ ಮಾಯವಾಗುತ್ತಿದ್ದವರು ಯಾರು ಎಂದು ಕೇಳಬೇಕೆನಿಸಿತು. ಕೇಳಲಿಲ್ಲ. ನನ್ನ ಕಸುಬೇ ಹಾಗೆ. ದಿನವಿಡೀ ಕಟ್ಟುಹಲ್ಲು ಮಾಡುತ್ತೇನೆ. ಮೇಣ, ಅಚ್ಚು, ಉಜ್ಜುವ ಚಕ್ರ. ಊರಿನವರ ಬಾಯೆಲ್ಲ ನನ್ನ ಮೇಜಿನ ಮೇಲಿರುತ್ತದೆ, ನನ್ನ ಬಾಯಿ ಮಾತ್ರ ಮುಚ್ಚಿರುತ್ತದೆ. ಮಾತಾಡಬೇಕಾದ್ದನ್ನೆಲ್ಲ ಇಲ್ಲಿ ಬರೆದು ಹಾಕುತ್ತೇನೆ.

ಕೊನೆಗೆ ಒಪ್ಪಂದವಾಯಿತು. ಒಂದೇ ಒಂದು ಸಲ ಬೆಟ್ಟದ ಕಡೆ ಸವಾರಿಗೆ ಬರುತ್ತಾರಂತೆ, ಒಂದು ವಾರ. ಸರಿ ಬರಲಿಲ್ಲವೆಂದರೆ ಸೈಕಲ್ಲನ್ನು ವಾಪಸ್ಸು ಕೊಡಬೇಕು, ಆಮೇಲೆ ಸೈಕಲ್ ಎನ್ನುವ ಶಬ್ದವನ್ನೇ ಈ ಮನೆಯಲ್ಲಿ ಎತ್ತಕೂಡದು. ಅಂಗಡಿಯವನು ಅಕ್ಟೋಬರ್ ಮಧ್ಯದವರೆಗೆ ಗಡುವು ಕೊಟ್ಟಿದ್ದಾನೆ. ವಾಪಸ್ಸು ಹೋಗುವುದು ಸೈಕಲ್ ಒಂದೇ ಅಲ್ಲ ಎಂದು ನನಗೆ ಗೊತ್ತು. ಇವರು ಆ ಕುರ್ಚಿಯಲ್ಲಿ ಮತ್ತೆ ಕೂತರೆ ಏಳುವುದಿಲ್ಲ.

ಸೆಪ್ಟೆಂಬರ್ 20, ಭಾನುವಾರ

ಬೀದಿಯಲ್ಲಿ ಅಭ್ಯಾಸ. ಎದುರುಮನೆಯವರ ಹೂವಿನ ಪಾತಿಗೆ ಬಿದ್ದೆವು. ಅವರು ಬಯ್ಯುವ ಮೊದಲೇ ಇವರು ಬಿದ್ದಲ್ಲಿಂದಲೇ ನನಗೆ ಬಯ್ದರು: "ತಿರುವಿನಲ್ಲಿ ಸ್ಪೀಡ್ ಕಡಿಮೆ ಮಾಡು ಅಂತ ಎಷ್ಟು ಸಲ ಹೇಳ್ಬೇಕು?" ಹಿಂದೆ ಕೂತು ಇವರು ಇಲ್ಲದ ಬ್ರೇಕನ್ನು ಒತ್ತುತ್ತಾರೆ. ಇಲ್ಲದ ಹಾರನ್ನೂ ಒತ್ತುತ್ತಾರೆ. ಹೊರಡುವ ಮೊದಲು ನಾನು ಹಿಂದೆ ತಿರುಗಿ ಕೂತಿರಾ ಎಂದು ಕೇಳಬೇಕಂತೆ. "ಕಂಡಕ್ಟರ್ ರೈಟ್ ಅನ್ನದೆ ನಾನು ಯಾವತ್ತೂ ಬಸ್ ಕದಲಿಸಿದವನಲ್ಲ." ಹಾಗಾದರೆ ನೀವೇ ರೈಟ್ ಅನ್ನಿ ಎಂದೆ. "ನಾನು ಕಂಡಕ್ಟರಲ್ಲ" ಎಂದು ಮೂತಿ ಉಬ್ಬಿಸಿದರು.

ಅಕ್ಕ ಫೋನ್ ಮಾಡಿದ್ದಳು. "ನಿನಗೆ ತಲೆ ನೆಟ್ಟಗಿದೆಯಾ? ಬಾವ ಇರೋ ಸ್ಥಿತೀಲಿ ಅವರನ್ನ ಬೆಟ್ಟಕ್ಕೆ ಎಳ್ಕೊಂಡು ಹೋಗ್ತೀಯಾ?" ಎಂದಳು. ಅವಳಿಗಿಂತ ವಯಸ್ಸಿನಲ್ಲಿ ದೊಡ್ಡವರಾದ್ದರಿಂದ ಇವರನ್ನು ಬಾವ ಎನ್ನುತ್ತಾಳೆ, ಅಧಿಕಾರ ಮಾತ್ರ ಅತ್ತೆಯದ್ದು. ಹೂಂ ಹೂಂ ಎಂದು ಫೋನ್ ಇಟ್ಟೆ. ಮೊಣಕೈ ಉರಿಯುತ್ತಿದೆ.

ಅಕ್ಟೋಬರ್ 4, ಭಾನುವಾರ

ನಿನ್ನೆ ಅಂಗಡಿಯವನು ನಮ್ಮನ್ನೂ ಸೈಕಲ್ಲನ್ನೂ ತನ್ನ ವ್ಯಾನಿನಲ್ಲಿ ಬೆಟ್ಟದ ಬುಡಕ್ಕೆ ಬಿಟ್ಟುಹೋದ. ಇವತ್ತು ನಿಜವಾದ ಸವಾರಿ. ಬಂಡೆಗಳ ನಡುವೆ ಜಲ್ಲಿ ದಾರಿ, ಕೆಲವು ಕಡೆ ಕೋಳಿಮೊಟ್ಟೆ ಗಾತ್ರದ ಸಡಿಲ ಕಲ್ಲು. ಟೈರಿನಡಿಯಲ್ಲಿ ಸರಸರ ಸದ್ದು. ಇನ್ನು ಸುಮ್ಮನೆ ಸತ್ಯ ಬರೆಯುತ್ತೇನೆ: ದಿನ ಪೂರ್ತಿ ಎಡವಟ್ಟಾಯಿತು.

ಜೋಡಿ ಸೈಕಲ್ಲಿನ ಒಂದು ಕಟ್ಟಳೆಯಿದೆ. ಮುಂದಿನವರು ದಾರಿಯಲ್ಲಿ ಬರುವುದನ್ನೆಲ್ಲ ಕೂಗಿ ಹೇಳಬೇಕು. ಗುಂಡಿ, ಕಲ್ಲು, ಏರು, ತಿರುವು. ಹಿಂದಿನವರಿಗೆ ಮುಂದಿನವರ ಬೆನ್ನು ಬಿಟ್ಟು ಏನೂ ಕಾಣುವುದಿಲ್ಲ, ಕಣ್ಣು ಚೆನ್ನಾಗಿದ್ದರೂ ಅಷ್ಟೆ. ಗುಂಡಿ ಬರುತ್ತಿದೆ ಎಂದು ಗೊತ್ತಾದರೆ ಅವರು ಸೀಟಿನಿಂದ ಚೂರು ಎದ್ದು ಏಟು ತಪ್ಪಿಸಿಕೊಳ್ಳಬಹುದು. ನನಗೆ ಬಾಯಿಯೇ ಬರಲಿಲ್ಲ. ಕಲ್ಲು ಕಂಡು, ಇದನ್ನು ಹೇಳಬೇಕು ಎಂದುಕೊಳ್ಳುವುದರೊಳಗೆ ಕಲ್ಲು ದಾಟಿ, ಹಿಂದಿನಿಂದ "ಅಯ್ಯಪ್ಪಾ" ಎಂದು ಕೇಳಿಸುತ್ತಿತ್ತು.

ಮಧ್ಯಾಹ್ನ ಮರದ ನೆರಳಲ್ಲಿ ಬ್ರೆಡ್ಡು ತಿನ್ನುವಾಗ ಇವರು ನಿಂತೇ ತಿಂದರು. "ನಿನ್ನ ಬಾಯಲ್ಲಿ ಸಿಕ್ಕಿಕೊಂಡಿರೋ ಒಂದೊಂದು ಮಾತಿಗೂ ನನ್ನ ಸೊಂಟ ದಂಡ ಕಟ್ತಾ ಇದೆ" ಎಂದರು.

ಮೊದಲ ದೊಡ್ಡ ಇಳಿಜಾರಿನಲ್ಲಿ ನನ್ನ ಕೈ ಬ್ರೇಕಿನ ಮೇಲೆ ಕಲ್ಲಾಗಿಬಿಟ್ಟಿತು. ಇಳಿದು ತಳ್ಳಿದೆ. ಇವರು ನನ್ನ ಹಿಂದೆ ಸೈಕಲ್ಲಿನ ಚೀಲ ಹಿಡಿದುಕೊಂಡು ಕಾಲು ತಡಕಾಡಿಸುತ್ತ ನಡೆದರು. ಕೆಳಗೆ ಬಂದಮೇಲೆ "ಕುರ್ಚಿಯೇ ವಾಸಿ" ಎಂದರು. ರಾತ್ರಿ ಅತಿಥಿಗೃಹದಲ್ಲಿ ಇವರ ಕಣ್ಣಿಗೆ ಹನಿ ಹಾಕಿದೆ. ಒಂದು ಹನಿ ಮೂಗಿಗೆ ಬಿತ್ತು. "ಇವತ್ತು ನೀನು ತಪ್ಪಿಸಿದ್ದು ಇದೊಂದೇ ಗುಂಡಿ, ಕಣ್ಣಿನ ಗುಂಡಿ" ಎಂದರು.

ಅಕ್ಟೋಬರ್ 5, ಸೋಮವಾರ

ಇವತ್ತು ಬೇರೆಯೇ ದಿನ! ಬರೆದು ಮುಗಿಯುವುದಿಲ್ಲ, ಆದರೂ ಬರೆಯುತ್ತೇನೆ.

ಬೆಳಗ್ಗೆ ಹೊರಟಾಗ ಹಟ ಹಿಡಿದು ಪ್ರತಿಯೊಂದನ್ನೂ ಕೂಗಿದೆ. "ಕಲ್ಲು! ಗುಂಡಿ! ಕಲ್ಲು! ಸಗಣಿ!" ಇವರು "ಸಗಣಿ ಹೇಳೋ ಅಗತ್ಯ ಇಲ್ಲ" ಎಂದರು. ಕೂಗುತ್ತ ಕೂಗುತ್ತ ಬಾಯಿಗೆ ಎಣ್ಣೆ ಬಿಟ್ಟ ಹಾಗೆ ಸಲೀಸಾಯಿತು. ಗುಂಡಿ ಇಲ್ಲದ ಕಡೆಯೂ ಬಾಯಿ ನಿಲ್ಲಲಿಲ್ಲ.

"ಎದುರಿಗೆ ಒಂದು ಬೆಟ್ಟ ಇದೆ ರೀ, ಥೇಟ್ ಕೆಳದವಡೆ. ಎರಡೂ ಕಡೆ ಕೋರೆಹಲ್ಲು ನೆಟ್ಟಗಿವೆ, ಮಧ್ಯೆ ಒಂದು ಬಿದ್ದುಹೋಗಿದೆ. ಆ ಸಂದೀಲೇ ನಮ್ಮ ದಾರಿ ಹೋಗತ್ತೆ."

ಹಿಂದೆ ಪೆಡಲ್ ಒತ್ತುವುದು ನಿಂತಿತು. ಇವರು ನಗುತ್ತಿದ್ದರು. "ಹಲ್ಲು ಬಿಟ್ಟು ಬೇರೆ ಏನಾದ್ರೂ ಗೊತ್ತಾ ನಿನಗೆ?"

ಬಿದ್ದ ಹಲ್ಲಿನ ಸಂದಿ ದಾಟಿದ ಕೂಡಲೇ ದ್ರಾಕ್ಷಿ ತೋಟಗಳು. ಕೊಯ್ಲು ಮುಗಿದಿದೆ, ಎಲೆ ಹಳದಿಯಾಗುತ್ತಿವೆ, ಕೆಲವು ಸಾಲು ಕುಂಕುಮದ ಕೆಂಪು. ತಂತಿಗೆ ಹಬ್ಬಿಸಿದ ಬಳ್ಳಿಗಳು ಗುಡ್ಡದ ಮೇಲಿಂದ ಕೆಳಗಿನವರೆಗೆ ಬಾಚಿದ ಕೂದಲಿನ ಹಾಗೆ ಸಾಲುಸಾಲು. ಕೊಯ್ಯುವವರ ಕಣ್ಣಿಗೆ ತಪ್ಪಿದ ಗೊಂಚಲೊಂದು ಬೇಲಿಯ ಹೊರಗೆ ಜೋತುಬಿದ್ದಿತ್ತು. ಅದನ್ನು ವರ್ಣಿಸುತ್ತಿದ್ದ ಹಾಗೇ ಇವರು "ಮಾತು ಸಾಕು, ಕಿತ್ಕೊಂಡು ಬಾ" ಎಂದರು. ಒಣದ್ರಾಕ್ಷಿಯಾಗಲು ಹೊರಟಿದ್ದ ಹಣ್ಣು, ಸಕ್ಕರೆಗಿಂತ ಸಿಹಿ. ಇಬ್ಬರೂ ಬೀಜ ಉಗಿಯುತ್ತ ಯಾರದು ದೂರ ಹೋಗುತ್ತದೆ ಎಂದು ಪಂದ್ಯ ಕಟ್ಟಿದೆವು. ನನ್ನದೇ ದೂರ ಹೋಯಿತು. ಇವರಿಗೆ ಕಾಣಲಿಲ್ಲ, ಆದ್ದರಿಂದ ಒಪ್ಪಲಿಲ್ಲ.

ಸಂಜೆ ತಂಗಿದ ಹಳ್ಳಿ ಎಷ್ಟು ಹಳೆಯದೋ. ಕಲ್ಲಿನ ಮನೆಗಳು, ಕಲ್ಲಿನ ಬೀದಿ. ಗೋಡೆಯ ಗಾರೆ ಒಸಡು ಸರಿದ ಹಾಗೆ ಸರಿದು ಕಲ್ಲುಗಳು ಬೇರಿನವರೆಗೆ ಕಾಣುತ್ತಿವೆ. ಇದನ್ನೂ ಹೇಳಿದೆ. "ಥೂ, ಊಟದ ಹೊತ್ತಲ್ಲಿ" ಎಂದರು, ಆದರೆ ಕೈ ಚಾಚಿ ಗೋಡೆಯನ್ನು ಮುಟ್ಟಿ ನೋಡಿದರು.

ಅಕ್ಟೋಬರ್ 7, ಬುಧವಾರ

ಇಳಿಜಾರಿನಲ್ಲಿ ಇಳಿಯಲಿಲ್ಲ! ಬ್ರೇಕ್ ಹಿಡಿದು ಬಿಟ್ಟು, ಹಿಡಿದು ಬಿಟ್ಟು, ಬಂಡೆಗಳ ಮಧ್ಯೆ ಹಾವಿನ ಹಾಗೆ ಕೆಳಗೆ ಬಂದೆವು. ಹಿಂದಿನಿಂದ "ಹೋಲ್ಡಾನ್! ಹೋಲ್ಡಾನ್!" ಎಂದು ಕೂಗಾಟ. ಬಸ್ ನಿಲ್ಲಿಸಲು ಹೋಲ್ಡಾನ್ ಅನ್ನುವುದು ಕಂಡಕ್ಟರ್ ಎಂದು ನೆನಪಿಸಿದೆ. ಎದುರುತ್ತರ ಕೊಡುವುದು ಯಾವಾಗ ಕಲಿತೆ ಎಂದರು.

ಒಂದು ಮಾತು ಇವರಿಗೆ ಹೇಳಲಾರೆ, ಇಲ್ಲೇ ಬರೆಯುತ್ತೇನೆ. ನನಗೆ ಮುಂದೆ ಕೂರುವುದು ಇಷ್ಟವಾಗಿಬಿಟ್ಟಿದೆ. ಮುಖಕ್ಕೆ ಮೊದಲು ಗಾಳಿ ಬಡಿಯುವುದು ನನಗೆ, ತಿರುವಿನಾಚೆಯ ಊರು ಮೊದಲು ಕಾಣುವುದು ನನಗೆ. ಇವರ ಕಣ್ಣು ಚೆನ್ನಾಗಿದ್ದಿದ್ದರೆ ಈ ಸುಖ ನನ್ನ ಪಾಲಿಗೆ ಬರುತ್ತಿತ್ತೇ? ಎಂಥ ಹೆಂಗಸು ನಾನು. ನಾಚಿಕೆಯಾಗುತ್ತದೆ. ನಾಚಿಕೆಪಟ್ಟುಕೊಂಡೇ ಬೆಳಗ್ಗೆ ಮತ್ತೆ ಓಡಿಹೋಗಿ ಮುಂದಿನ ಸೀಟಿನಲ್ಲಿ ಕೂರುತ್ತೇನೆ.

ಸಂಜೆ ಇವರು ಶೂ ಬಿಚ್ಚಿ ಕಾಲು ಚಾಚಿದರು. ಆಮೇಲೆ, "ಊರಿಗೆ ಹೋದ ತಕ್ಷಣ ಅಂಗಡಿಯವನ ಹತ್ರ ಮಾತಾಡ್ಬೇಕು" ಎಂದರು. ಏನು ಮಾತು, ಯಾಕೆ ಎಂದು ಕೇಳುವ ಧೈರ್ಯ ಬರಲಿಲ್ಲ. ಕೇಳುವುದೇನಿದೆ? ವಾಪಸ್ಸು ಕೊಡುವ ಮಾತೇ ಇರಬೇಕು.

ಅಕ್ಟೋಬರ್ 8, ಗುರುವಾರ

ನಗಬೇಕೋ ಅಳಬೇಕೋ ಗೊತ್ತಾಗುತ್ತಿಲ್ಲ. ಎರಡನ್ನೂ ಮಾಡಿ ಆಗಿದೆ. ಕ್ರಮವಾಗಿ ಬರೆಯುತ್ತೇನೆ.

ಬೆಳಗ್ಗೆ ಗುಡ್ಡದ ತುದಿಯ ಹಳ್ಳಿಯಲ್ಲಿ ನೀರಿನ ತೊಟ್ಟಿಯ ಹತ್ತಿರ ನಿಲ್ಲಿಸಿದೆವು. ಅಲ್ಲಿಂದ ಮುಂದೆ ದ್ರಾಕ್ಷಿ ತೋಟಗಳ ನಡುವೆ ಉದ್ದಾನುದ್ದ ಇಳಿಜಾರು. ನಾನು ಸೈಕಲ್ ಹಿಡಿದು ನಿಂತಿದ್ದೆ. ಇವರು ಬಾಟಲಿಗೆ ನೀರು ತುಂಬಿ ತಂದು ಸೈಕಲ್ಲಿಗೆ ಸಿಕ್ಕಿಸಿದರು. ಸೈಕಲ್ ಅಲ್ಲಾಡಿತು. ಇವರು ಹತ್ತಿದರು ಎಂದುಕೊಂಡೆ. ಇವರಾದರೋ ತೊಟ್ಟಿಯ ಕಟ್ಟೆಯ ಮೇಲೆ ಮರೆತ ಟೋಪಿ ತರಲು ಹಿಂದಿರುಗಿದ್ದರು. ನನಗೇನು ಗೊತ್ತು? ನನ್ನ ತಲೆಯೊಳಗೆ ರಾತ್ರಿಯೆಲ್ಲ ನಿದ್ದೆಗೆಡಿಸಿದ ಮಾತು ಕುದಿಯುತ್ತಿತ್ತು. ಸೈಕಲ್ ವಾಪಸ್ಸು ಹೋಗುವ ಮೊದಲು ಹೇಳಿಬಿಡಬೇಕು, ಮುಖ ನೋಡದೆ ಹೇಳಲು ಇದಕ್ಕಿಂತ ಒಳ್ಳೆಯ ಜಾಗ ಸಿಗುವುದಿಲ್ಲ ಎಂದು ಹೊರಟೇಬಿಟ್ಟೆ.

"ರೀ, ಒಂದು ಮಾತು ಹೇಳ್ತೀನಿ. ಮುಗಿಯೋವರೆಗೂ ಮಧ್ಯೆ ಬಾಯಿ ಹಾಕಬಾರದು. ಹಾಕಿದ್ರೆ ಮತ್ತೆ ನನ್ನ ಬಾಯಿಂದ ಬರಲ್ಲ."

ಇವರು ಬಾಯಿ ಹಾಕಲಿಲ್ಲ. ಪರವಾಗಿಲ್ಲವೇ, ಮಾತು ಕೇಳುತ್ತಾರೆ ಎಂದುಕೊಂಡೆ.

"ನನಗೆ ಮುಂದೆ ಕೂರೋದು ಇಷ್ಟ ಆಗ್ಬಿಟ್ಟಿದೆ. ಇಷ್ಟು ವರ್ಷ ನಿಮ್ಮ ಬೆನ್ನು ನೋಡ್ಕೊಂಡೇ ಬಂದೆ. ನಿಮ್ಮ ಅಂಗಿಯ ಹೊಲಿಗೆ ಎಲ್ಲಿ ಬಿಟ್ಟಿದೆ ಅಂತ ಬಾಯಿಪಾಠ ಆಗಿದೆ, ಬೆಟ್ಟ ನೋಡಿದ್ದು ಕಡಿಮೆ. ಈಗ ನಿಮ್ಮ ಕಣ್ಣಿಗೆ ಹೀಗಾಯ್ತು ಅಂತ ಸಂಕಟನೂ ಆಗತ್ತೆ, ಮುಂದೆ ಕೂತೆ ಅಂತ ಸಂತೋಷನೂ ಆಗತ್ತೆ, ಎರಡೂ ಒಟ್ಟೊಟ್ಟಿಗೆ. ನಿಮಗೋಸ್ಕರ ತಂದೆ ಅಂತ ಎಲ್ಲರ ಹತ್ರ ಹೇಳ್ಕೊಂಡೆ. ಈಗ ನನಗೇ ಬೇಕಾಗಿದೆ. ವಾಪಸ್ ಕೊಡೋದು ಬೇಡ ರೀ."

ಉತ್ತರವಿಲ್ಲ. ಸೈಕಲ್ ಎಷ್ಟು ಹಗುರವಾಗಿ ಹೋಗುತ್ತಿತ್ತೆಂದರೆ, ಮನಸ್ಸು ಹಗುರವಾದರೆ ಸೈಕಲ್ಲೂ ಹಗುರವಾಗುತ್ತದೆ ಎಂದುಕೊಂಡೆ! ಸ್ವಲ್ಪ ಹೊತ್ತು ಕಾದು, "ಈಗ ಮಾತಾಡಬಹುದು" ಎಂದೆ. ಸದ್ದಿಲ್ಲ. "ಬಯ್ಯೋದಾದ್ರೆ ಬಯ್ದುಬಿಡಿ, ಹೀಗೆ ಸುಮ್ಮನಿರಬೇಡಿ" ಎಂದೆ. ತೋಟದ ಅಂಚಿನಲ್ಲಿ ತಂತಿ ಬಿಗಿಯುತ್ತಿದ್ದವನೊಬ್ಬ ಇಕ್ಕಳ ಹಿಡಿದುಕೊಂಡು ನನ್ನನ್ನೇ ನೋಡುತ್ತಿದ್ದ.

"ಅಮ್ಮಾ, ಯಾರ ಹತ್ರ ಮಾತಾಡ್ತಾ ಇದೀರಾ?"

ತಿರುಗಿ ನೋಡಿದೆ. ಖಾಲಿ ಸೀಟು.

ಜೀವ ಬಾಯಿಗೆ ಬಂತು. ಎಲ್ಲಿ ಬಿದ್ದರು? ಯಾವ ಗುಂಡಿಯಲ್ಲಿ? ಗುಂಡಿ ಕೂಗುವುದನ್ನೇ ಮರೆತು ನನ್ನ ಪುರಾಣ ಬಿಚ್ಚುತ್ತಿದ್ದೆನಲ್ಲ! ಆ ಸೈಕಲ್ಲನ್ನು, ಚೀಲಗಳ ಸಮೇತ, ಆ ಏರಿನಲ್ಲಿ ತಳ್ಳಿಕೊಂಡು ಓಡಿದೆ. ದಾರಿಯ ಎರಡೂ ಬದಿ ನೋಡುತ್ತ, ಕೂಗುತ್ತ, ಅಳುತ್ತ. ಕಡಿದಾದ ಹಳ್ಳಿ, ಮೆಟ್ಟಿಲು ಮೆಟ್ಟಿಲು ಬೀದಿ, ಇವರಿಗೆ ಪಕ್ಕದಲ್ಲಿ ಗೋಡೆಯಿದೆಯೋ ಪ್ರಪಾತವಿದೆಯೋ ಕಾಣುವುದಿಲ್ಲ.

ಇವರು ತೊಟ್ಟಿಯ ಕಟ್ಟೆಯ ಮೇಲೆ ಟೋಪಿ ಹಾಕಿಕೊಂಡು ಕೂತಿದ್ದರು. ಅಕ್ಕಪಕ್ಕ ಊರಿನ ಇಬ್ಬರು ಮುದುಕರು. ಬ್ರೇಕ್ ಫೇಲಾದ ಬಸ್ಸನ್ನು ಇವರು ಜೋಳದ ಹೊಲಕ್ಕೆ ನುಗ್ಗಿಸಿ ನಿಲ್ಲಿಸಿದ ಕಥೆ ನಡೆಯುತ್ತಿತ್ತು. ನನ್ನ ಏದುಸಿರು ಕೇಳಿ ತಲೆ ತಿರುಗಿಸಿದರು.

"ಪ್ಯಾಸೆಂಜರ್ ಬಿಟ್ಟು ಹೋದ ಡ್ರೈವರಿಗೆ ಮೆಮೊ ಕೊಡ್ತಾರೆ, ಗೊತ್ತಾ?"

ನಾನು ಅಲ್ಲೇ ನೆಲದ ಮೇಲೆ ಕೂತುಬಿಟ್ಟೆ. ನಗು ಬಂತು, ಅದರ ಬೆನ್ನಿಗೇ ಅಳು. ಮುದುಕರು ಎದ್ದು ಹೋದರು, ಒಳ್ಳೆಯ ಮನುಷ್ಯರು. ಇವರ ಕೈ ಹಿಡಿದೆ. ತಮಾಷೆ ಮಾಡುತ್ತಿದ್ದವರ ಕೈ ತಣ್ಣಗಿತ್ತು.

"ಹೆದರಿಕೆ ಆಯ್ತಾ?"

"ಆಯ್ತು. ಟೋಪಿ ತಗೊಂಡು ತಿರುಗಿದ್ರೆ ನೀನಿಲ್ಲ. ಸದ್ದು ದೂರ ಹೋಗ್ತಾ ಇದೆ."

"ಕೂಗಬಾರದಿತ್ತಾ ರೀ?"

"ಕೂಗ್ತಾ ಇದ್ದೆ. ಅಷ್ಟರಲ್ಲಿ ಮಧ್ಯೆ ಬಾಯಿ ಹಾಕಬಾರದು ಅಂತ ನೀನು ಕಿರುಚಿದ್ದು ಕೇಳಿಸ್ತು. ಸರಿ ಬಿಡು ಅಂತ ಸುಮ್ಮನಾದೆ."

ಮತ್ತೆ ನಗು. ಹೊಟ್ಟೆ ಹಿಡಿದುಕೊಂಡು ನಕ್ಕೆವು.

"ಅದೇನು ಹೇಳಿದೆ? ನನಗೆ ಕೇಳಿಸಿದ್ದು ಅಷ್ಟೇ" ಎಂದರು.

ಖಾಲಿ ಸೀಟಿಗೆ ಹೇಳುವುದು ಎಷ್ಟು ಸುಲಭವಿತ್ತು! ಈಗ ಇವರ ಮುಖ ಎದುರಿಗೇ ಇತ್ತು, ಇವರಿಗೆ ಕಾಣುವ ಪುಟ್ಟ ವೃತ್ತದೊಳಗೆ ನನ್ನ ಮುಖವೂ ಇತ್ತು. ಎಲ್ಲವನ್ನೂ ಮತ್ತೆ ಹೇಳಿದೆ. ಅಂಗಿಯ ಹೊಲಿಗೆ, ಸಂಕಟ, ಸಂತೋಷ, ಸೈಕಲ್ಲು ನನಗೇ ಬೇಕು ಎನ್ನುವುದು. ಒಂದನ್ನೂ ಬಿಡಲಿಲ್ಲ. ಕೊನೆಗೆ, "ಅಂಗಡಿಯವನ ಹತ್ರ ಏನು ಮಾತಾಡ್ಬೇಕು ನೀವು?" ಎಂದೂ ಕೇಳಿಬಿಟ್ಟೆ.

"ಸೀಟು ಕಣೇ! ಅದು ಸೀಟಾ? ಸೌದೆ ತುಂಡು! ವರ್ಷಗಟ್ಟಲೆ ಅದರ ಮೇಲೆ ಕೂರೋದಕ್ಕೆ ಆಗತ್ತಾ?"

ವರ್ಷಗಟ್ಟಲೆ ಎಂದರು. ನಾನು ಇವರ ಕೈ ಒತ್ತಿದೆ.

ಇವರು ಟೋಪಿ ತೆಗೆದು, ತಿರುಗಿಸಿ, ಮತ್ತೆ ಹಾಕಿಕೊಂಡರು. "ಆ ದವಡೆ ಬೆಟ್ಟದ ಕಡೆ ನಾನು ಎಷ್ಟು ಸಲ ಬಸ್ ತಂದಿದೀನಿ ಗೊತ್ತಾ? ಅದಕ್ಕೆ ಕೋರೆಹಲ್ಲಿದೆ ಅಂತ ನೀನು ಹೇಳೋವರೆಗೂ ನನಗೆ ಗೊತ್ತಿರಲಿಲ್ಲ. ರಸ್ತೆ ಬಿಟ್ಟು ಕಣ್ಣೆತ್ತಿದ್ರೆ ಡ್ರೈವರ್ ಕೆಲಸ ಆಗಲ್ಲ. ನೀನು ಮುಂದೆ ಕೂತ್ಕೋ. ಬಾಯಿ ಮಾತ್ರ ಮುಚ್ಚಬೇಡ." ಎದ್ದು ನಿಂತು ಸೊಂಟ ನೀವಿಕೊಂಡರು. "ಆದ್ರೆ ಟೈರಿಗೆ ಗಾಳಿ ಹಾಕೋದು ನನ್ನ ಕೆಲಸ. ಅದನ್ನೂ ಕಿತ್ಕೋಬೇಡ."

ಇವರು ಹತ್ತಿ ಕೂತರು. ನಾನು ತಿರುಗಿ ನೋಡಿದೆ, ಕೈ ಹಿಂದೆ ಚಾಚಿ ಮಂಡಿ ಮುಟ್ಟಿಯೂ ನೋಡಿದೆ. ಆದರೂ ಕದಲಲು ಭಯ. ಹಿಂದಿನಿಂದ ಎರಡು ಬೆರಳು ಬಾಯಿಗಿಟ್ಟ ಶಿಳ್ಳೆ ಕೇಳಿಸಿತು, ಹಳ್ಳಿಯ ನಾಯಿಗಳೆಲ್ಲ ಬೊಗಳುವ ಹಾಗೆ.

"ರೈಟ್!"

ತಂತಿ ಬಿಗಿಯುತ್ತಿದ್ದವನ ಮುಂದೆ ಹಾದುಹೋಗುವಾಗ ಅವನು ಇಕ್ಕಳ ಎತ್ತಿ ಸಲಾಮು ಹೊಡೆದ. "ಸಿಕ್ಕಿದ್ರಾ ಅಮ್ಮಾ?" ಎಂದ. ಸಿಕ್ಕರು ಎಂದು ಕೂಗಿದೆ.

ಅಕ್ಟೋಬರ್ 9, ಶುಕ್ರವಾರ

ಬಂಡೆ, ತೋಟ, ಎರಡು ಹಳ್ಳಿ. ಪಂಕ್ಚರ್ ಒಂದು. ಇವರೇ ಬೆರಳಲ್ಲಿ ತಡವಿ ಮುಳ್ಳು ಹುಡುಕಿ ತೆಗೆದರು. ಸಂಜೆ ಏನೇನು ನೋಡಿದೆ ಎಂದು ಬರೆಯಲು ಕೂತರೆ ಮಾತೆಲ್ಲ ದಾರಿಯಲ್ಲೇ ಖರ್ಚಾಗಿದೆ. ನಿದ್ದೆ ಬರುತ್ತಿದೆ.

ಅಕ್ಟೋಬರ್ 11, ಭಾನುವಾರ

ಮನೆ. ಅಕ್ಕ ಫೋನ್ ಮಾಡಿ, ಬಾವನನ್ನು ಸುರಕ್ಷಿತವಾಗಿ ಕರೆತಂದೆಯಾ ಎಂದು ಕೇಳಿದಳು. ಒಂದು ಕಡೆ ಬಿಟ್ಟು ಬಂದಿದ್ದೆ, ಮತ್ತೆ ಹೋಗಿ ಕರೆತಂದೆ ಎಂದೆ. ಅವಳು ಬಯ್ಯತೊಡಗಿದಾಗ, "ಅಕ್ಕಾ, ಮಧ್ಯೆ ಬಾಯಿ ಹಾಕಬೇಡ, ಪೂರ್ತಿ ಕೇಳು" ಎಂದು ಇಡೀ ಕಥೆ ಹೇಳಿದೆ. ಫೋನ್ ಇಟ್ಟಮೇಲೆ ಇವರು, ಎಷ್ಟು ಹೊತ್ತು ಮಾತಾಡ್ತೀಯಾ, ಹಸಿವು ಎಂದರು.

ಅಕ್ಟೋಬರ್ 14, ಬುಧವಾರ

ಅಂಗಡಿಯವನು ಗಡುವು ನೆನಪಿಸಲು ಬಂದಿದ್ದ. ಇವರು ಬಾಗಿಲಲ್ಲೇ ನಿಲ್ಲಿಸಿಕೊಂಡು ಮೆತ್ತನೆಯ ಸೀಟು, ಹೊಸ ಪಂಪು, ಕಂಡಕ್ಟರು ಊದುವ ವಿಷಲ್ ತರಲು ಹೇಳಿ ಕಳಿಸಿದರು.

ಅಕ್ಟೋಬರ್ 18, ಭಾನುವಾರ

ಕಿಟಕಿ ಪಕ್ಕದ ಕುರ್ಚಿಯ ಮೇಲೆ ಒಗೆದ ಬಟ್ಟೆ ರಾಶಿ ಬಿದ್ದಿದೆ. ಮಡಚಲು ಯಾರಿಗೂ ಪುರುಸೊತ್ತಿಲ್ಲ. ಏನೋ ಬರೆಯಬೇಕೆಂದು ಪುಸ್ತಕ ತೆಗೆದೆ, ಆಗಲೇ ಹೊರಗೆ ಇವರ ವಿಷಲ್ ಎರಡು ಸಲ ಕೂಗಿತು. ಎದುರುಮನೆಯವರು ಹೂವಿನ ಪಾತಿಯ ಮುಂದೆ ಕಾವಲು ನಿಂತಿದ್ದಾರೆ.

ಬಂದೆ ಬಂದೆ. ಉಳಿದದ್ದನ್ನು ದಾರಿಯಲ್ಲಿ ಹೇಳುತ್ತೇನೆ.